ಕ್ಯಾಪ್ಟನ್ ರಣಧೀರನ ಬಲಗಿವಿ

ಇಪ್ಪತ್ತನಾಲ್ಕು ವರ್ಷ ನಾನು ಮಾತಾಡಿದೆ, ಚಪ್ಪಾಳೆ ಸಿದ್ರಾಯನಿಗೆ ಬಿತ್ತು. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಅಂತ ನಿಮಗೆ ಅನ್ನಿಸಿದರೆ ಅನ್ನಿಸಲಿ. ಹೊಟ್ಟೆಕಿಚ್ಚೇ ಹೌದು. ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನು ಮಾಡಲಿ?

ನಾನು ಕೊಣ್ಣೂರಿನ ಗುರುಪಾದ, ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ನಮ್ಮೂರಿನ ನಾಟಕ ಸಂಘದಲ್ಲಿ ನನ್ನ ಕೆಲಸ ಮಾತು ಹೇಳಿಕೊಡುವುದು. ರಂಗದ ಬಲಗಡೆ, ಪರದೆಯ ಹಿಂದೆ ಒಂದು ಕಬ್ಬಿಣದ ಸ್ಟೂಲು. ಅದರ ಮೇಲೆ ನಾನು, ನನ್ನ ತೊಡೆಯ ಮೇಲೆ ಪುಸ್ತಕ. ನಟ ಬಾಯಿ ತೆರೆಯುವ ಮೊದಲೇ ಅವನ ಮಾತು ನನ್ನ ಬಾಯಿಂದ ಹೊರಟು ಅವನ ಕಿವಿ ಸೇರಿರಬೇಕು. ಪರದೆಯ ಹಿಂದೆ ಒಬ್ಬ ಇರುತ್ತಾನೆ ಅಂತ ಜನರಿಗೂ ಗೊತ್ತು. ಎಲ್ಲೋ ತಡವರಿಸಿದರೆ ಒಂದು ಶಬ್ದ ಎತ್ತಿಕೊಡುತ್ತಾನೆ ಅಂದುಕೊಂಡಿದ್ದಾರೆ. ಒಂದು ಶಬ್ದವಲ್ಲ ಮಹಾರಾಯರೇ, ಮೊದಲ ಸಾಲಿನಿಂದ ಮಂಗಳದವರೆಗೆ ಅಷ್ಟೂ ನಾಟಕ! ನಮ್ಮ ಸಂಘದಲ್ಲಿ ಯಾರೂ ಯಾವತ್ತೂ ಪಾಠ ಮಾಡಿದವರಲ್ಲ. ಮಾಸ್ತರ ಇದ್ದಾನಲ್ಲ, ಮತ್ತೇಕೆ?

ನಾಟಕದ ಹೆಸರು ‘ಕ್ಯಾಪ್ಟನ್ ರಣಧೀರ ಅರ್ಥಾತ್ ಸಮವಸ್ತ್ರದ ಮಾನ’. ಬರೆದವನು ನಮ್ಮೂರ ದರ್ಜಿ ಕಾಶಿನಾಥ, ಈಗ ತೀರಿಕೊಂಡಿದ್ದಾನೆ. ಬೆಳಗಾವಿಯಲ್ಲಿ ಫೌಜಿನವರ ಬಟ್ಟೆ ಹೊಲಿಯುತ್ತಿದ್ದವನು, ಅದಕ್ಕೇ ನಾಟಕದಲ್ಲಿ ಬಂದೂಕಿಗಿಂತ ಅಂಗಿಯ ಹೊಲಿಗೆಯ ಮಾತೇ ಹೆಚ್ಚು. ಕಥೆ ಇಷ್ಟೇ: ಹಿಮದ ಗಡಿಯಲ್ಲಿ ಪಹರೆಯ ಜವಾನನೊಬ್ಬ ನಿದ್ದೆ ಹೋಗುತ್ತಾನೆ, ವೈರಿಗಳು ಚೌಕಿ ಹಿಡಿಯುತ್ತಾರೆ. ಫೌಜಿ ಕೋರ್ಟು ಕೂಡುತ್ತದೆ. ಕ್ಯಾಪ್ಟನ್ ರಣಧೀರ ಆ ಹುಡುಗನ ಹೆಸರು ಬಾಯಿ ಬಿಡದೆ, ನಿದ್ದೆ ಹೋದವನು ನಾನೇ ಎಂದು ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಕೊನೆಗೆ ಜವಾನ ಓಡಿಬಂದು ನಿಜ ಹೇಳುತ್ತಾನೆ, ಕರ್ನಲ್ ಸಾಹೇಬರು ಕಣ್ಣೊರೆಸಿಕೊಂಡು ಕ್ಯಾಪ್ಟನ್ನನ್ನು ಬಿಡುಗಡೆ ಮಾಡುತ್ತಾರೆ. ನಡುವೆ ಎರಡು ಡ್ಯಾನ್ಸು. ಕೋರ್ಟಿನಲ್ಲಿ ಡ್ಯಾನ್ಸು ಯಾಕೆ ಅಂತ ನನ್ನನ್ನು ಕೇಳಬೇಡಿ. ಡ್ಯಾನ್ಸಿಲ್ಲದ ನಾಟಕಕ್ಕೆ ನಮ್ಮ ಕಡೆಯವರು ಚಾಪೆ ಹಿಡಿದುಕೊಂಡು ಬರುವುದಿಲ್ಲ.

ರಣಧೀರ ಅಂದರೆ ಸಿದ್ರಾಯ. ಚಿಕ್ಕಂದಿನಲ್ಲಿ ಕುರಿ ಕಾಯುತ್ತಿದ್ದ, ಆಮೇಲೆ ಫೌಜಿಗೆ ಸೇರಿ ಹದಿನೇಳು ವರ್ಷ ತೋಫಿನ ದಳದಲ್ಲಿದ್ದು ನಾಯಕ್ ಆಗಿ ಮರಳಿ ಈಗ ಕುರಿ ವ್ಯಾಪಾರ ಮಾಡುತ್ತಾನೆ. ಆರಡಿ ಆಳು, ಅದಕ್ಕೊಪ್ಪುವ ಮೀಸೆ. ತೋಫಿನ ಸದ್ದಿಗೆ ಎಡಗಿವಿ ಪೂರ್ತಿ ಹೋಗಿದೆ. ಅದನ್ನವನು ಊರ ತುಂಬ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಾನೆ. ಹಾಗಾಗಿ ನಮ್ಮ ನಾಟಕದಲ್ಲಿ ಆರೋಪಿಯ ಕಟಕಟೆ ಯಾವಾಗಲೂ ಬಲಪರದೆಗೆ ಅಂಟಿಕೊಂಡೇ ಇರಬೇಕು. ನನ್ನ ಬಾಯಿಗೂ ಅವನ ಬಲಗಿವಿಗೂ ಎರಡು ಮೊಳ ಅಂತರ.

ಇದರಲ್ಲಿ ನನಗೇನೂ ಸಿಟ್ಟಿರಲಿಲ್ಲ. ಸಿಟ್ಟು ಬರುತ್ತಿದ್ದದ್ದು ಮರುದಿನ ಬೆಳಿಗ್ಗೆ, ಚಹದ ಅಂಗಡಿಯಲ್ಲಿ.

“ಪೂರಾ ನಾಟಕ ನನ್ನ ಬಾಯಾಗ ಐತ್ರಿ,” ಅನ್ನುತ್ತಿದ್ದ ಸಿದ್ರಾಯ, ಹಾಕಿಸಿಕೊಂಡ ಶಾಲು ಇನ್ನೂ ಹೆಗಲ ಮೇಲೇ. “ನಡು ನಿದ್ದ್ಯಾಗ ಎಬ್ಬಿಸಿ ಕೇಳ್ರಿ, ಹೇಳ್ತೀನಿ.”

ನಾನು ಅಲ್ಲೇ ಬೆಂಚಿನ ತುದಿಯಲ್ಲಿ ಕೂತು ಚಹ ನುಂಗುತ್ತಿದ್ದೆ. ಅಷ್ಟೇ ಅಲ್ಲ, ಆಗಸ್ಟ್ ಹದಿನೈದಕ್ಕೆ ಶಾಲೆಗಳವರು ಅವನನ್ನು ಕರೆಸಿ ರಣಧೀರನ ಮಾತು ಹೇಳಿಸುತ್ತಿದ್ದರು. ಆಗಲೂ ನಾನು ಧ್ವಜದ ಹಿಂದಿನ ಕೋಣೆಯ ಬಾಗಿಲ ಮರೆಯಲ್ಲಿ! ಮಳೆ ಬಂದರೂ ಅಲ್ಲೇ. ಮನೆಗೆ ಬಂದರೆ ನನ್ನ ಹೆಂಡತಿ ಯಲ್ಲವ್ವ, “ನಿಮ್ಮ ಬಾಯಿ ಅಂವಗ ಬಾಡಗಿ ಕೊಟ್ಟೀರೇನ್ರಿ?” ಎಂದು ಕೇಳುತ್ತಿದ್ದಳು. ಅವಳಿಗೆ ಉತ್ತರ ಕೊಡುವಂಥ ಮಾತು ಆ ಪುಸ್ತಕದಲ್ಲಿರಲಿಲ್ಲ.

ಹೀಗಿರುವಾಗ ಹುಕ್ಕೇರಿಯಿಂದ ನೇತ್ರಾ ಬಂದಳು. ಮೂವತ್ತರ ಹುಡುಗಿ, ಸಣ್ಣ ಸಣ್ಣ ಸಿನಿಮಾ ಮಾಡಿ ಎಲ್ಲೆಲ್ಲೋ ತೋರಿಸಿದವಳು. ಮೂಡಲಗಿಯಲ್ಲಿ ಅವಳ ಅಜ್ಜಿಯ ಮನೆ. ಏಳು ವರ್ಷದವಳಿದ್ದಾಗ ಅಲ್ಲಿ ನಮ್ಮ ನಾಟಕ ನೋಡಿ ಅತ್ತಿದ್ದಳಂತೆ. ಈಗ ಅದನ್ನೇ ಸಿನಿಮಾ ಮಾಡುತ್ತಾಳಂತೆ, ಹೊರಗಿನ ನಟರು ಬೇಡವಂತೆ, ನಮ್ಮ ಸಂಘದವರೇ ಬೇಕಂತೆ. ಸಂಘದವರೆಲ್ಲ ಒಮ್ಮೆಲೇ ಬೆನ್ನು ನೆಟ್ಟಗೆ ಮಾಡಿ ಕೂತರು.

“ಡ್ಯಾನ್ಸ್ ಎರಡೂ ತಗದೇನ್ರಿ,” ಎಂದಳು ನೇತ್ರಾ.

ಕರ್ನಲ್ ಸಾಹೇಬನ ಪಾತ್ರದ ಅಣ್ಣಪ್ಪ ಮೂಡಲಗಿಯವನು, ಅಲ್ಲಿ ಅವನದು ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು. ಅವನಿಗೆ ಎದೆ ಒಡೆಯಿತು. “ಮತ್ತ ಮಂದಿ ಏನ ನೋಡ್ತಾರವ್ವಾ?”

“ನಿಮ್ಮನ್ನ ನೋಡ್ತಾರ್ರಿ, ಕಾಕಾ.”

ಅಣ್ಣಪ್ಪ ಮರುದಿನ ಬರುವಾಗ ತಲೆಗೂದಲಿಗೆ ಕಪ್ಪು ಬಳಿದುಕೊಂಡು ಬಂದ. ಕಿವಿಗೂ ಸ್ವಲ್ಪ ಬಳಿದಿತ್ತು.

ನಾನು ಎಲ್ಲರ ಮಾತು ಮುಗಿಯಲಿ ಎಂದು ಕಾದು ಕೇಳಿದೆ: “ನನ್ನ ಕೆಲಸ ಏನ್ ತಂಗಿ?”

“ಮಾಸ್ತರ್ರ, ಸಿನಿಮಾದಾಗ ಹೇಳಿಕೊಡೂದು ಇರಂಗಿಲ್ರಿ. ಮಾತೆಲ್ಲಾ ಅಲ್ಲೇ ರೆಕಾರ್ಡ್ ಆಗತೈತಿ, ಇನ್ನೊಂದು ದನಿ ಬೀಳಬಾರ್ದು. ಹೆಂಗೂ ಇವರಿಗೆಲ್ಲಾ ಇಪ್ಪತ್ನಾಕ ವರ್ಷದಿಂದ ಬಾಯಿಪಾಠ ಐತಲ್ರಿ? ನೀವು ಆರಾಮ ಕುಂತು ನೋಡ್ರಿ.”

ಸಂಘದ ಹಿರಿಯರೆಲ್ಲ ತಮ್ಮ ತಮ್ಮ ಚಪ್ಪಲಿಗಳನ್ನು ನೋಡಿಕೊಂಡರು. ಸಿದ್ರಾಯನ ಮೀಸೆ ಸಣ್ಣಗೆ ನಡುಗಿದ್ದು ನನಗೊಬ್ಬನಿಗೇ ಕಂಡಿತು. ಖರೆ ಹೇಳುತ್ತೇನೆ, ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು.

ಆ ಸಂತೋಷ ಒಂದು ವಾರ ಬಾಳಿತು. ಎಂಟನೇ ದಿನ ಸಂಜೆ ಸಿದ್ರಾಯ ನಮ್ಮ ಮನೆಯ ಕಟ್ಟೆಗೆ ಬಂದು ಕುಸಿದು ಕೂತ. ಕೈಯಲ್ಲಿ ಪುಸ್ತಕ. ಅದರ ಹಾಳೆಯ ಅಂಚುಗಳು ಬೆವರಿಗೆ ಮೆತ್ತಗಾಗಿದ್ದವು.

“ಗುರು, ನೀ ಬರಲಿಲ್ಲಂದ್ರ ನಾ ಸತ್ತೆ.”

“ಯಾಕೋ? ಪೂರಾ ನಾಟಕ ಬಾಯಾಗ ಐತಲ್ಲ?”

“ಹಂಗ್ಯಾಕ ಚುಚ್ಚತೀಯೋ? ಎಂಟ ದಿನದಿಂದ ಹೊಲದಾಗ ಕುಂತ ಓದಾಕತ್ತೇನಿ. ಒಂದ ಹಾಳಿ ತಿರುವಿದ್ರ ಹಿಂದಿನ ಹಾಳಿ ಮರತ ಹೋಗತೈತಿ. ನೀ ಕಿವ್ಯಾಗ ಅಂದ್ರ ಬರತೈತಿ. ಬರೇ ಕಣ್ಣಿಲೆ ನೋಡಿದ್ರ ಬರೂದಿಲ್ಲ.”

“ಹಂಗಾರ ನೇತ್ರಾಗ ಹೇಳಿಬಿಡು.”

“ಹೇಳ್ತಿದ್ದೆ. ಆದ್ರ ಬೀಗರು ಬರಾಕತ್ತಾರಲ್ಲೋ!”

ಬೀಗರೆಂದರೆ ದಡ್ಡಿ ಊರಿನ ಕರೆಪ್ಪ. ಸಿದ್ರಾಯನ ಮಗನಿಗೆ ಅವರ ಮಗಳು ವಿಜಯಲಕ್ಷ್ಮಿಯನ್ನು ಗೊತ್ತು ಮಾಡಿ ಹದಿನೈದು ದಿನವಾಗಿತ್ತು. ಕರೆಪ್ಪನೂ ಫೌಜಿನಿಂದ ನಿವೃತ್ತನಾದವನು, ಆದರೆ ಮೇಲಿನ ದರ್ಜೆಯ ಸುಬೇದಾರ. ನಾಯಕ್ ಎಲ್ಲಿ, ಸುಬೇದಾರ ಎಲ್ಲಿ! ಫೌಜಿ ಕೋರ್ಟಿನ ಕಾಯದೆ ತಿಳಿದವರು ಬೇಕು ಅಂತ ನೇತ್ರಾ ಹುಡುಕಿದಾಗ, ನಮ್ಮ ಸಿದ್ರಾಯನೇ ಜಂಬದಿಂದ ಬೀಗರ ಹೆಸರು ಹೇಳಿದ್ದ. ಅವಳು ಕರೆಪ್ಪನನ್ನು ಸಲಹೆಗೂ ಇಟ್ಟುಕೊಂಡು, ಕರ್ನಲ್ಲನ ಪಕ್ಕದ ಕುರ್ಚಿಯಲ್ಲಿ ಕೂರುವ ಅಧಿಕಾರಿಯ ವೇಷವನ್ನೂ ಕೊಟ್ಟುಬಿಟ್ಟಿದ್ದಳು.

“ಮಾತಕತಿ ದಿನ ಅವರ ಮುಂದೂ ಹೇಳೇನಿ, ಪೂರಾ ನಾಟಕ ಬಾಯಾಗ ಐತಂತ. ಈಗ ಅವರ ಮುಂದ ನಾ ಬಾಯಿ ಬಿಟ್ಟ ನಿಂತ್ರ ಏನ ಅಂತಾರೋ? ಇಂಥಾ ಬಡಾಯಿ ಮನಶಾನ ಮನಿಗೆ ಮಗಳನ್ನ ಕೊಡೂದೇನ ಅನ್ನೂದಿಲ್ಲೇನು?”

ಅವನ ದನಿ ಒಡೆಯಿತು. ಆದರೆ ನಾನೂ ಹಟದವನು. “ಬರ್ತೀನಿ. ಆದ್ರ ಒಂದ ಮಾತು. ಒಂದ ಸಲ, ಒಂದೇ ಒಂದ ಸಲ ಮಂದಿ ಮುಂದ ನಿಂತು ಹೇಳಬೇಕು, ಈ ಮಾತೆಲ್ಲಾ ಗುರುಪಾದ ಹೇಳಿಕೊಟ್ಟದ್ದು ಅಂತ. ನನಗ ಶಾಲು ಬ್ಯಾಡ, ಮಾಲಿ ಬ್ಯಾಡ. ಅಷ್ಟ ಅನಬೇಕು.”

“ಅಂತೀನೋ. ಮದವಿ ಆದ ಮ್ಯಾಲ ಅಂತೀನಿ.”

ತನ್ನ ಮಗಳ ಮದುವೆಯ ಹೊತ್ತಿಗೂ ಹೀಗೇ ಅಂದಿದ್ದ. ಆ ಮಗಳಿಗೆ ಈಗ ಎರಡು ಮಕ್ಕಳು. ಆದರೂ ಬರುತ್ತೇನೆ ಎಂದೆ. ನನ್ನ ಬಾಯಿಗೆ ಹೇಳಿಕೊಡುವುದನ್ನು ಬಿಟ್ಟರೆ ಬೇರೆ ಸುಖ ಗೊತ್ತಿಲ್ಲ, ಏನು ಮಾಡಲಿ?

ಚಿತ್ರೀಕರಣ ಅಂಕಲಗಿಯ ಒಂದು ಹಳೆಯ ಶಾಲೆಯ ಕೋಣೆಯಲ್ಲಿ. ಮೇಜಿಗೆ ಹಸಿರು ಬಟ್ಟೆ ಹಾಸಿ, ಗೋಡೆಗೆ ಭೂಪಟ ತೂಗುಹಾಕಿ ಫೌಜಿ ಕೋರ್ಟು ಮಾಡಿದ್ದರು. ಬೆಂಚುಗಳ ಮೇಲೆ ನಲವತ್ತು ಜನ ಸುತ್ತಲಿನ ಊರವರೇ ಫೌಜಿ ವೇಷದಲ್ಲಿ ಕೂತಿದ್ದರು. ಮೂಲೆಯಲ್ಲಿ ಕಾಲುಗಳ ಮೇಲೆ ನಿಂತ ದೊಡ್ಡ ಕರಿಹಲಗೆ ಇತ್ತು. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತವನು ನಾನು, ಅವತ್ತು ಹಿಂದೆ ಹೋಗಿ ಕೂತೆ. ನೇತ್ರಾ ಕೇಳಿದ್ದಕ್ಕೆ, “ಬೆಳಕ ಕಣ್ಣಿಗೆ ಹೊಡಿತೈತಿ ತಂಗಿ, ಇಲ್ಲೇ ನೆರಳಾಗ ಕುಂಡ್ರತೀನಿ,” ಎಂದೆ.

ಕ್ಯಾಮೆರಾ ಶುರುವಾಯಿತು. ಸರಕಾರಿ ವಕೀಲನ ಪಾತ್ರದ ಮಾಳು, ಗೊಬ್ಬರದ ಅಂಗಡಿಯವನು, ನನ್ನಿಂದ ಕೇಳಿಕೊಂಡು ಗರ್ಜಿಸಿದ: “ಆ ರಾತ್ರಿ ಪಹರೆಯಲ್ಲಿದ್ದವರು ಯಾರು?” ನಾನು ಸಿದ್ರಾಯನ ಉತ್ತರ ಹೇಳಿದೆ. ಸಿದ್ರಾಯ ಸುಮ್ಮನಿದ್ದ. ಮತ್ತೆ ಹೇಳಿದೆ. ಕಲ್ಲು! ಆಮೇಲೆ ಹೊಳೆಯಿತು, ಕರಿಹಲಗೆ ಅವನ ಎಡಗಡೆಗಿತ್ತು. ಅವನಿಗೂ ಹೊಳೆದಿರಬೇಕು. ಕೋರ್ಟಿಗೆ ಬೆನ್ನು ತಿರುಗಿಸಿ, ಇಡೀ ಮೈಯನ್ನೇ ಸುತ್ತಿಸಿ, ಬಲಗಿವಿ ನನ್ನ ಕಡೆ ತಂದು ಉತ್ತರ ಹೇಳಿದ.

ನೇತ್ರಾಳ ಕಣ್ಣಲ್ಲಿ ನೀರು. “ಎಷ್ಟ ಛಲೋ ಮಾಡಿದ್ರಿ, ಕಾಕಾ! ಸುಳ್ಳು ಹೇಳುವಾಗ ಕೋರ್ಟಿಗೆ ಮುಖ ತೋರಸಾಕ ಆಗಲಿಲ್ಲ ರಣಧೀರಗ! ನನಗ ಇದು ಹೊಳದಿದ್ದಿಲ್ಲ.”

“ಅಷ್ಟ ವರ್ಷದ ಅನುಭವರಿ,” ಎಂದ ಸಿದ್ರಾಯ. ನನ್ನ ಮೈಯೆಲ್ಲ ಉರಿಯಿತು.

ಊಟದ ಬಿಡುವಿನಲ್ಲಿ ನಾನೂ ಮಾಳುವೂ ಸೇರಿ ಕರಿಹಲಗೆಯನ್ನು ಬಲಗಡೆಗೆ ಎಳೆದೆವು. ಅಲ್ಲಿಂದ ಬಂಡಿ ಸರಾಗವಾಗಿ ಓಡಿತು. ತೊಡರುಗಾಲು ಹಾಕುತ್ತಿದ್ದವನು ಕರೆಪ್ಪ ಒಬ್ಬನೇ. ಸಿದ್ರಾಯ ಬರಿತಲೆಯಲ್ಲಿ ಸೆಲ್ಯೂಟ್ ಹೊಡೆದಾಗ ಕರೆಪ್ಪ ಕ್ಯಾಮೆರಾ ಓಡುತ್ತಿದ್ದರೂ ಎದ್ದುನಿಂತುಬಿಟ್ಟ.

“ಬೀಗರ, ಟೊಪಗಿ ಇಲ್ಲದ ಸೆಲ್ಯೂಟ್ ಹೊಡಿತಾರೇನ್ರಿ? ಹಿಮ್ಮಡಿ ಕೂಡಿಸಿ ಸಾವಧಾನ ನಿಂದ್ರಬೇಕು, ಅಷ್ಟ. ಇಪ್ಪತ್ನಾಕ ವರ್ಷ ಹಿಂಗ ಹೊಡದ್ರೇನು?”

ಹೌದು, ಸಿದ್ರಾಯ ಹಾಗೇ ಹೊಡೆದಿದ್ದ. ಆ ಸೆಲ್ಯೂಟಿಗೆ ಪ್ರತಿಸಲ ಸೀಟಿ ಬೀಳುತ್ತಿತ್ತು, ಆ ಸೀಟಿಗಾಗಿ ಫೌಜಿನ ಕಾಯದೆಯನ್ನು ಮಡಿಚಿಟ್ಟಿದ್ದ.

ಎರಡನೇ ದಿನ ಮುಖ್ಯ ದೃಶ್ಯ. ರಣಧೀರ ತಪ್ಪು ಒಪ್ಪಿಕೊಳ್ಳುವ ಉದ್ದನೆಯ ಮಾತು, ಪುಸ್ತಕದಲ್ಲಿ ಎರಡು ಪುಟ. ನಾನು ಹೇಳಿದೆ, ಸಿದ್ರಾಯ ಹೇಳಿದ. ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಿದರು. ಆದರೆ ಧ್ವನಿ ಹಿಡಿಯುವ ಗೋಕಾಕದ ಹುಡುಗಿ ಆಮ್ರಪಾಲಿ ಕಿವಿಯ ಮೇಲಿನ ಹೆಡ್‌ಫೋನು ತೆಗೆದು, ಹುಬ್ಬು ಗಂಟಿಕ್ಕಿಕೊಂಡು ಎದ್ದಳು.

“ಅಕ್ಕಾ, ನಿನ್ನೆಯಿಂದ ಒಂದ ತೊಂದರಿ ಐತಿ. ಪ್ರತಿಧ್ವನಿ ಬರಾಕತ್ತೈತಿ.”

“ದೊಡ್ಡ ಕೋಣಿ, ಬಂದ ಬರತೈತಿ,” ಎಂದಳು ನೇತ್ರಾ.

“ಹಂಗಲ್ಲಕ್ಕಾ. ಮಾತು ಬರೂಕಿಂತ ಮೊದ್ಲ ಪ್ರತಿಧ್ವನಿ ಬರಾಕತ್ತೈತಿ.”

ಎಲ್ಲರೂ ನಕ್ಕರು. ಆಮ್ರಪಾಲಿ ನಗಲಿಲ್ಲ. ಒಂದು ಸ್ಪೀಕರಿಗೆ ತಂತಿ ಸಿಕ್ಕಿಸಿ, ಆಗಷ್ಟೇ ಹಿಡಿದದ್ದನ್ನು ಗಟ್ಟಿಯಾಗಿ ಬಿಟ್ಟಳು. ಕೋಣೆಯಲ್ಲಿ ನನ್ನ ದನಿ ತುಂಬಿತು.

“ಸಾಹೇಬರೇ, ಈ ಅಂಗಿಯ ಮೇಲೆ ರಕ್ತ ಬೀಳಲಿ, ಮಣ್ಣು ಬೀಳಲಿ, ಒಗೆದರೆ ಹೋಗುತ್ತದೆ. ನನ್ನ ಹುಡುಗನ ಕಣ್ಣೀರು ಬಿದ್ದರೆ ಹೋಗುವುದಿಲ್ಲ...”

ಹಿಂದೆಯೇ ಸಿದ್ರಾಯನ ದೊಡ್ಡ ಗಂಟಲು ಅದನ್ನೇ ಹೇಳುತ್ತ ಬರುತ್ತಿತ್ತು. ಆದರೆ ನನಗೆ ಕೇಳಿದ್ದು ಮೊದಲಿನದೊಂದೇ. ನನ್ನ ದನಿಯನ್ನು ನಾನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಇಷ್ಟು ಚೆನ್ನಾಗಿ ಹೇಳುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ! ಪಿಸುಮಾತೇ, ಆದರೆ ಅದರಲ್ಲಿ ಆ ಕ್ಯಾಪ್ಟನ್ ಇದ್ದ. ಬೆಂಚಿನ ಮೇಲಿದ್ದ ಒಬ್ಬ ಮುದುಕ ಟೋಪಿ ತೆಗೆದು ಮೂಗು ಒರೆಸಿಕೊಂಡ.

“ಯಾರದ್ರಿ ಇದು?” ಎಂದಳು ನೇತ್ರಾ. ಅವಳ ದನಿ ತಣ್ಣಗಿತ್ತು. “ಎರಡ ದಿನದ ಕೆಲಸ ಹಾಳಾತು. ಯಾರದು?”

ನಾನು ಕರಿಹಲಗೆಯ ಹಿಂದಿನಿಂದ ಎದ್ದು ಬಂದೆ. ಬೆನ್ನಿಗೆಲ್ಲ ಸುಣ್ಣದ ಪುಡಿ. ಬಹಳ ವರ್ಷ ಕಾದ ಗಳಿಗೆ ಬಾಯಿಗೇ ಬಂದು ಬಿದ್ದಿತ್ತು. ಕೋರ್ಟು ಕೂಡಿತ್ತು, ನಲವತ್ತು ಜನ ಇದ್ದರು, ಸಾಕ್ಷಿಗೆ ನನ್ನದೇ ದನಿ ಇತ್ತು. ‘ತಾಯಿ, ಇವನಿಗೆ ಒಂದು ಸಾಲೂ ಬರುವುದಿಲ್ಲ’ ಎಂದು ಅಂದಿದ್ದರೆ ಸಾಕಿತ್ತು.

ಅಷ್ಟರಲ್ಲಿ ಕರೆಪ್ಪ ಕುರ್ಚಿಯಲ್ಲೇ ಸಿದ್ರಾಯನ ಕಡೆ ತಿರುಗಿ ಕೇಳಿದ: “ಏನ್ರಿ ಬೀಗರ, ನಿಮಗ ಪಾಠ ಬರೂದಿಲ್ಲೇನು?”

ಸಿದ್ರಾಯ ಕಟಕಟೆಯ ಕಟ್ಟಿಗೆ ಹಿಡಿದು ನಿಂತಿದ್ದ. ಅವನ ಮುಖ ನೋಡಿದೆ. ನೋಡಬಾರದಾಗಿತ್ತು. ಬೆನ್ನು ನೆಟ್ಟಗಿತ್ತು, ಮೀಸೆ ತಿರುವಿತ್ತು, ಕಣ್ಣು ಮಾತ್ರ ಜಾತ್ರೆಯಲ್ಲಿ ಕೈತಪ್ಪಿದ ಮಗುವಿನದು.

“ಅಂವಗ ಎಲ್ಲಾ ಬರತೈತ್ರಿ,” ಅಂದುಬಿಟ್ಟೆ. “ಇದು ನನ್ನ ಚಟರಿ. ಇಪ್ಪತ್ನಾಕ ವರ್ಷದ ಚಟ. ಅಂವ ಬಾಯಿ ತಗದ್ರ ನನ್ನ ಬಾಯಿ ಮುಚ್ಚಿ ಕುಂಡ್ರಾಕ ಒಲ್ಲದು. ತಪ್ಪು ನನ್ನದ.”

ಯಾಕೆ ಅಂದೆ? ದೇವರಾಣೆ ನನಗೆ ತಿಳಿಯದು. ಆ ದರ್ಜಿ ಕಾಶಿನಾಥ ಸತ್ತ ಮೇಲೂ ನನ್ನ ಬಾಯಲ್ಲಿ ಕೂತು ಹೊಲಿಗೆ ಹಾಕಿರಬೇಕು.

ನೇತ್ರಾ ಎರಡು ಕೈಯಲ್ಲೂ ಮುಖ ಒರೆಸಿಕೊಂಡಳು. “ಮಾಸ್ತರ್ರ, ನಿಮ್ಮ ಮ್ಯಾಲ ನನಗ ಭಾಳ ಗೌರವ ಐತ್ರಿ. ಆದ್ರ ದಯಮಾಡಿ ಹೊರಗ ಹೋಗ್ರಿ. ಇದು ಮುಗಿಯೂತನಕ ಒಳಗ ಬರಬ್ಯಾಡ್ರಿ.”

ಊರ ಮಂದಿಯೆದುರು ಶಾಲೆಯಿಂದ ಹೊರಗೆ ಹಾಕಿಸಿಕೊಂಡ ಮಾಸ್ತರ ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಹಿಂದಿನಿಂದ ಕರೆಪ್ಪ ನೇತ್ರಾಳಿಗೆ ಹೇಳುವುದು ಕೇಳಿಸಿತು: “ಶಿಸ್ತು ಇಲ್ಲದ ಮನಶಾ. ನಮ್ಮ ಬೀಗರಿಗೆ ಎಷ್ಟ ತ್ರಾಸ ಆಗಿರಬೇಕು ನೋಡ್ರಿ!”

ಹೊರಗೆ ಬಂದವನು ಅಂಗಳದ ಬೋರಿನ ಪಂಪಿಗೆ ಒಂದು ಒದ್ದೆ. ಪಂಪಿಗೇನೂ ಆಗಲಿಲ್ಲ, ಹೆಬ್ಬೆರಳಿಗಾಯಿತು. ಕುಂಟುತ್ತ ಹೋಗಿ ಕೋಣೆಯ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂತು ನನ್ನನ್ನು ನಾನೇ ಬೈದುಕೊಂಡೆ. ಲೇ ಮೂರ್ಖಾ, ಕೈಗೆ ಬಂದದ್ದನ್ನು ಕೈಯಾರೆ ಚೆಲ್ಲಿದೆಯಲ್ಲ! ಇನ್ನು ಸಾಯುವ ತನಕ ನೀನು ದೊಡ್ಡ ನಟನಿಗೆ ಅಡ್ಡಬಾಯಿ ಹಾಕಿದ ಚಟದ ಮಾಸ್ತರ. ಯಲ್ಲವ್ವನಿಗೆ ಈ ಸುದ್ದಿ ನಿನಗಿಂತ ಮೊದಲೇ ಮುಟ್ಟುತ್ತದೆ, ತಿಳಿದುಕೋ.

ಒಳಗೆ ನೇತ್ರಾ ಕೂಗಿದಳು. ಕ್ಯಾಮೆರಾ ಓಡಿತು. ನಾನು ಕೇಳಬಾರದು ಅಂದುಕೊಂಡೇ ಎದ್ದು ನಿಂತು ಕಿಟಕಿಯ ಸರಳಿಗೆ ಹಣೆ ಹಚ್ಚಿದೆ.

ಮಾಳು ಎದ್ದು ನಿಂತ. ಪ್ರಶ್ನೆ ಅವನದು. ಬಾಯಿ ತೆರೆದ, ಮುಚ್ಚಿದ. ನೇತ್ರಾಳಿಗೆ ಗೊತ್ತಿಲ್ಲದ ಒಂದು ವಿಷಯವಿತ್ತು. ಪಾಠ ಬರದವನು ಸಿದ್ರಾಯನೊಬ್ಬನೇ ಅಲ್ಲ. ಮಾಳು ಕರ್ನಲ್ಲನ ಕಡೆ ನೋಡಿದ. ಕರ್ನಲ್ ಅಣ್ಣಪ್ಪ ಆರೋಪಿಯ ಕಡೆ ನೋಡಿದ. ಆಮೇಲೆ ಮೂವರೂ ನಿಧಾನವಾಗಿ ಕತ್ತು ತಿರುಗಿಸಿ, ಯಾರೂ ಇಲ್ಲದ ಆ ಕರಿಹಲಗೆಯನ್ನು ನೋಡತೊಡಗಿದರು. ವಕೀಲ, ನ್ಯಾಯಾಧೀಶ, ಆರೋಪಿ, ಭಾರತದ ಫೌಜಿ ಕೋರ್ಟು ಇಡಿಯಾಗಿ ಕರಿಹಲಗೆಯಿಂದ ನ್ಯಾಯ ಬರಲಿ ಎಂದು ಕಾಯುತ್ತಿತ್ತು. ಬೆಂಚಿನವರು ಇದೂ ನಾಟಕದ್ದೇ ಎಂದುಕೊಂಡು ತಾವೂ ಗಂಭೀರವಾಗಿ ಆ ಕಡೆಗೇ ನೋಡಿದರು. ನನಗೆ ಅಳು ಬರಬೇಕೋ ನಗು ಬರಬೇಕೋ ತಿಳಿಯದೆ ಬಾಯಿಗೆ ಟವೆಲ್ಲು ತುರುಕಿಕೊಂಡೆ.

ನೇತ್ರಾ ‘ಕಟ್’ ಅನ್ನಲಿಲ್ಲ. ಅವಳಿಗೆ ಆ ಮೌನ ಬಹಳ ಚೆನ್ನಾಗಿ ಕಂಡಿರಬೇಕು, ಕೈ ಎತ್ತಿ ಕ್ಯಾಮೆರಾದವನಿಗೆ ಓಡಲಿ ಎಂದು ಸನ್ನೆ ಮಾಡಿದಳು.

ನನ್ನ ನಾಲಿಗೆಯ ತುದಿಗೆ ಮಾಳುವಿನ ಪ್ರಶ್ನೆ ಬಂದು ಕೂತಿತ್ತು. ಕಿಟಕಿಯಿಂದ ಒಂದು ಶಬ್ದ ಬಿಟ್ಟರೆ ಸಾಕು. ಬಿಡಲಿಲ್ಲ. ಸಿಟ್ಟಿನಿಂದಲ್ಲ. ಬಿಟ್ಟರೆ ಆಮ್ರಪಾಲಿಯ ಹೆಡ್‌ಫೋನಿಗೆ ಬೀಳುತ್ತದೆ, ನಾನು ಹೇಳಿದ ಸುಳ್ಳು ಕೆಟ್ಟು ಅವನ ಮಾನ ಹೋಗುತ್ತದೆ. ಬಿಡದಿದ್ದರೂ ಹೋಗುತ್ತದೆ. ಹಿಂದೆ ಹುಲಿ, ಮುಂದೆ ಬಾವಿ.

ಆಗ ಸಿದ್ರಾಯ ಕೆಮ್ಮಿದ.

“ಸಾಹೇಬ್ರ,” ಎಂದ.

ಪುಸ್ತಕದಲ್ಲಿ ಅಲ್ಲಿ ‘ಸಾಹೇಬರೇ’ ಅಂತ ಇದೆ. ಇವನು ಅಂದದ್ದು ನಮ್ಮೂರ ಮಾತು. ದನಿಯೂ ರಣಧೀರನದಲ್ಲ, ಸಂತೆಯಲ್ಲಿ ಕುರಿ ವ್ಯಾಪಾರ ಮಾಡುವ ಸಿದ್ರಾಯನದು.

“ಸಾಹೇಬ್ರ, ಹೊರಗ ಹಾಕಿದ್ರಲ್ಲ, ಆ ಮಾಸ್ತರ, ಅಂವ ಸುಳ್ಳ ಹೇಳ್ಯಾನ. ಚಟ ಅಂವಂದಲ್ರಿ, ನಂದು. ನನಗ ಈ ನಾಟಕದ ಒಂದ ಸಾಲೂ ಬರೂದಿಲ್ಲ.”

ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪಕ್ಕದವನು ಅವನಿಗೆ ಮೊಣಕೈಯಿಂದ ತಿವಿದ.

“ಹದಿನೇಳ ವರ್ಷ ತೋಫಿನ ಬಾಜೂ ನಿಂತೇನಿ. ಒಂದ ದಿನ ಹಿಂದ ಸರದಿಲ್ಲ. ಇಲ್ಲೆ ಬಂದ ಹೇಡಿ ಆದೆ. ಗುರುಪಾದ ಪರದೆ ಹಿಂದಿಂದ ಹೇಳ್ತಿದ್ದ, ನಾ ಬಾಯಿ ಆಡಸ್ತಿದ್ದೆ. ಚಪ್ಪಾಳಿ ಬಿತ್ತು, ತಗೊಂಡೆ. ಶಾಲು ಬಿತ್ತು, ಹೊದ್ದಕೊಂಡೆ. ಇಪ್ಪತ್ನಾಕ ವರ್ಷ ಅಂವ ಒಂದ ಕೇಳಿದ, ಮಂದಿ ಮುಂದ ನನ್ನ ಹೆಸರ ಹೇಳೋ ಅಂತ. ನಾ ಹೇಳಲಿಲ್ರಿ. ಇವತ್ತ ಹೇಳೂ ಪಾಳಿ ಅಂವಂದಿತ್ತು. ಹೇಳಿದ್ರ ನನ್ನ ಮಾನ ಅಂವನ ಕೈಯಾಗಿತ್ತು. ಅಂವ ಅದನ್ನ ತಿರುಗಿ ನನಗ ಕೊಟ್ಟ ಹೊರಗ ಹೋದ.”

ಅವನು ಕರೆಪ್ಪನ ಕಡೆ ತಿರುಗಿ ಸಾವಧಾನ ಸ್ಥಿತಿಯಲ್ಲಿ ನಿಂತ. ಸೆಲ್ಯೂಟ್ ಹೊಡೆಯಲಿಲ್ಲ.

“ಬೀಗರ, ನಿಮಗೂ ಸುಳ್ಳ ಹೇಳೇನಿ. ಹೆಣ್ಣ ಕೊಡೂದು ಬಿಡೂದು ನಿಮಗ ಬಿಟ್ಟದ್ದು. ನನ್ನ ಮಗಾ ನನ್ನಂಗ ಬಡಾಯಿ ಅಲ್ರಿ, ಅಷ್ಟ ತಿಳಕೋರಿ. ಶಿಕ್ಷಾ ಏನ ಕೊಡ್ತೀರಿ ಕೊಡ್ರಿ.”

ಕೋಣೆಯಲ್ಲಿ ಫ್ಯಾನು ತಿರುಗುವುದೂ ಕೇಳುತ್ತಿರಲಿಲ್ಲ, ಧ್ವನಿಗಾಗಿ ಅದನ್ನು ನಿಲ್ಲಿಸಿದ್ದರು. ಆಮ್ರಪಾಲಿ ಕಣ್ಣು ಮುಚ್ಚಿ ಹೆಡ್‌ಫೋನನ್ನು ಎರಡು ಕೈಯಲ್ಲಿ ಕಿವಿಗೆ ಒತ್ತಿಕೊಂಡಿದ್ದಳು. ನೇತ್ರಾಳ ಎತ್ತಿದ ಕೈ ಎತ್ತಿದ ಹಾಗೇ ಇತ್ತು.

ಕರೆಪ್ಪ ಎದ್ದು ನಿಂತ. ಈಗ ಮದುವೆ ಮುರಿಯಿತು ಅಂದುಕೊಂಡು ನಾನು ಸರಳು ಬಿಗಿಹಿಡಿದೆ. ಅವನು ತನ್ನ ಅಂಗಿಯನ್ನು ಕೆಳಗೆಳೆದು ಸರಿಮಾಡಿಕೊಂಡು, ಸಿದ್ರಾಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಈಗ ಫೌಜಿನವರಂಗ ನಿಂತ್ರಿ ನೋಡ್ರಿ, ಬೀಗರ,” ಎಂದ. ಕೂತವನು ಅಣ್ಣಪ್ಪನ ಕಡೆ ವಾಲಿ ಕಾಯದೆ ನೆನಪಿಸಿದ. “ಕರ್ನಲ್ ಸಾಹೇಬ್ರ, ಆರೋಪಿ ತಪ್ಪು ಒಪ್ಪಿಕೊಂಡಾನ. ಇನ್ನ ತೀರ್ಪು ನೀವ ಹೇಳಬೇಕು.”

ಪಾಪ, ಅಣ್ಣಪ್ಪ! ಎದೆಯ ಮೇಲೆ ಆರು ಪದಕ, ಕಿವಿಯ ಮೇಲೆ ಕಪ್ಪು ಬಣ್ಣ, ತಲೆಯೊಳಗೆ ಒಂದಕ್ಷರವಿಲ್ಲ. ಮೇಜಿನ ಮೇಲಿನ ಮರದ ಸುತ್ತಿಗೆ ಎತ್ತಿದ, ಇಳಿಸಿದ. ಕರಿಹಲಗೆ ನೋಡಿದ. ಕಡೆಗೆ ಕುರ್ಚಿಯಿಂದ ಅರ್ಧ ಎದ್ದು, ಬೆಂಚಿನವರ ತಲೆಗಳ ಮೇಲಿಂದ ಕಿಟಕಿಯಲ್ಲಿದ್ದ ನನ್ನನ್ನು ಕಂಡು, ಪಿಸುಗುಟ್ಟುವುದನ್ನೂ ಬಿಟ್ಟು ಕೂಗಿಯೇ ಕೇಳಿದ.

“ಲೇ ಗುರು, ಏನ ಅನ್ಲೋ?”

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಕ್ಯಾಮೆರಾವೂ ತಿರುಗಿತು. ಸಿದ್ರಾಯ ನನ್ನನ್ನು ನೋಡುತ್ತ ನಿಂತಿದ್ದ, ಅವನ ಮೀಸೆಯೆಲ್ಲ ಒದ್ದೆಯಾಗಿತ್ತು. ಶಿಕ್ಷೆ ಕೊಡುವುದೋ ಬಿಡುವುದೋ, ಏನು ಅಂದರೂ ಅಣ್ಣಪ್ಪ ಅದನ್ನೇ ಅನ್ನುತ್ತಿದ್ದ. ಗಿಣಿಯಂತೆ ಅನ್ನುತ್ತಿದ್ದ.

ನಾನು ಬಾಯಿ ತೆರೆದೆ. ಕರೆಂಟು ಹೋ‌ದಾಗ, ಹಾಳೆ ಹರಿದಾಗ, ಜ್ವರದಲ್ಲಿ ಮೈ ಸುಡುವಾಗಲೂ ಒಂದು ಸಾಲು ತಪ್ಪದ ಬಾಯಿ. ಕಣ್ಣು ಮಂಜಾಯಿತು. ನಾಲಿಗೆಯ ಮೇಲೆ ಏನೂ ಇರಲಿಲ್ಲ.

“ನನಗೂ ಗೊತ್ತಿಲ್ಲೋ, ಅಣ್ಣಪ್ಪಾ,” ಎಂದೆ. ನಲವತ್ತು ಜನಕ್ಕೂ ಕೇಳುವಷ್ಟು ಗಟ್ಟಿಯಾಗಿ ಎಂದೆ.